ಮನೆಯ ವರ್ಕ್‌ಶಾಪಿಗೆ ಮೊದಲ ಲೇತ್ ಮತ್ತು ಮಿಲ್ಲಿಂಗ್ ಮೆಷಿನ್: ಆರಿಸುವುದು, ಪರೀಕ್ಷಿಸುವುದು, ಕೂರಿಸುವುದು

‘ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಲೇತ್ ಹಾಕಬೇಕು, ಯಾವುದು ತಗೊಳ್ಳಲಿ?’ ‘ಲೇತೂ ಮಿಲ್ಲಿಂಗೂ ಒಂದರಲ್ಲೇ ಇರುವ ಕಾಂಬಿನೇಷನ್ ಮೆಷಿನ್ ಸಾಕಾ?’ ‘ಪೀಣ್ಯದಲ್ಲಿ ಹಳೆಯ ಆರಡಿ ಲೇತ್ ಅಗ್ಗಕ್ಕೆ ಸಿಗ್ತಿದೆ, ತಂದುಬಿಡಲಾ?’ ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಹಾಗಾಗಿ ಎಲ್ಲಕ್ಕೂ ಒಂದೇ ಕಡೆ ಉತ್ತರ ಇಲ್ಲಿದೆ.

ಲೇತಿನಲ್ಲಿ ಲೋಹದ ತುಂಡು ತಿರುಗುತ್ತದೆ, ಟೂಲ್ ಅದನ್ನು ಕೆತ್ತುತ್ತದೆ. ಮಿಲ್ಲಿಂಗಿನಲ್ಲಿ ಟೂಲ್ ತಿರುಗುತ್ತದೆ, ತುಂಡು ಟೇಬಲ್ ಮೇಲೆ ಸರಿಯುತ್ತದೆ. ಮೊದಲು ಲೇತ್ ಕೊಳ್ಳಿ. ಆರು ತಿಂಗಳೋ ವರ್ಷವೋ ಅದರಲ್ಲಿ ಕೈ ಪಳಗಿದ ಮೇಲೆ ಮಿಲ್ಲಿಂಗ್ ಮೆಷಿನ್ ನೋಡಿ. ಲೇತಿನ ಮೇಲೆ, ತುಂಡನ್ನು ಮೇಲೆ ಕೆಳಗೆ ಸರಿಸುವ ವರ್ಟಿಕಲ್ ಸ್ಲೈಡ್ ಕೂರಿಸಿ ಚಿಕ್ಕಪುಟ್ಟ ಮಿಲ್ಲಿಂಗ್ ಮಾಡಿಕೊಳ್ಳಬಹುದು. ಮಿಲ್ಲಿಂಗ್ ಮೆಷಿನ್ ಇಟ್ಟುಕೊಂಡು ಲೇತಿನ ಕೆಲಸ ತೆಗೆಯುವುದು ಕಷ್ಟ. ಕಾಂಬಿನೇಷನ್ ಮೆಷಿನ್ ಬೇಡ. ಅದರಲ್ಲಿ ಲೇತಿನ ಕ್ರಾಸ್ ಸ್ಲೈಡೇ, ಅಂದರೆ ಟೂಲನ್ನು ಅಡ್ಡಕ್ಕೆ ಸರಿಸುವ ಭಾಗವೇ, ಮಿಲ್ಲಿಂಗಿನ ಟೇಬಲ್. ಅದು ಚಿಕ್ಕದು, ಎತ್ತರ ಸಾಲದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಸೆಟ್ಟಿಂಗ್ ಬಿಚ್ಚಬೇಕು.

1. ಮಾಡುವ ಕೆಲಸವನ್ನು ಮೊದಲು ಬರೆದಿಡಿ

ಒಂದು ಹಾಳೆ ತೆಗೆದುಕೊಂಡು ಮುಂದಿನ ಎರಡು ವರ್ಷದಲ್ಲಿ ಮಾಡಬೇಕೆಂದಿರುವ ಹತ್ತು ವಸ್ತು ಬರೆಯಿರಿ: ಬೈಕಿನ ಬುಷ್, ಪಂಪ್‌ಸೆಟ್ಟಿನ ಶಾಫ್ಟ್ ಸ್ಲೀವ್, ಟೆಲಿಸ್ಕೋಪಿನ ಅಡಾಪ್ಟರ್, ಮಾದರಿ ಉಗಿ ಎಂಜಿನ್, ಏನಾದರೂ ಸರಿ. ಪ್ರತಿಯೊಂದರ ಪಕ್ಕ ಅತಿ ದೊಡ್ಡ ವ್ಯಾಸ, ಅತಿ ಹೆಚ್ಚು ಉದ್ದ, ಲೋಹ ಯಾವುದು, ಮರೆ ಅಂದರೆ ಥ್ರೆಡ್ ತೆಗೆಯಬೇಕಾ ಅಂತ ಗುರುತು ಹಾಕಿ. ಹವ್ಯಾಸದ ಕೆಲಸಗಳಲ್ಲಿ ಬಹುಪಾಲು 50 ಮಿ.ಮೀ. ವ್ಯಾಸ, 150 ಮಿ.ಮೀ. ಉದ್ದದೊಳಗೇ ಮುಗಿದುಹೋಗುತ್ತವೆ. ಎಂದೋ ಒಮ್ಮೆ ಬರುವ ಬ್ರೇಕ್ ಡ್ರಮ್ಮಿಗಾಗಿ ಒಂದು ಟನ್ ಕಬ್ಬಿಣ ಮನೆಗೆ ತರಬೇಡಿ. ಅದನ್ನು ಹತ್ತಿರದ ಲೇತ್ ಅಂಗಡಿಯಲ್ಲಿ ಮಾಡಿಸಿ.

2. ಅಳತೆಯ ಮಾತು ತಿಳಿದುಕೊಳ್ಳಿ

ನಮ್ಮಲ್ಲಿ ಲೇತನ್ನು ಅಡಿ ಲೆಕ್ಕದಲ್ಲಿ ಹೇಳುತ್ತಾರೆ: ನಾಲ್ಕೂವರೆ ಅಡಿ, ಆರಡಿ. ಅದು ಬೆಡ್ಡಿನ, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಎರಕದ ಹಾಸಿನ, ಒಟ್ಟು ಉದ್ದ. ಎಡಗಡೆ ತುಂಡನ್ನು ತಿರುಗಿಸುವ ಹೆಡ್‌ಸ್ಟಾಕ್, ಬಲಗಡೆ ಆಸರೆ ಕೊಡುವ ಟೇಲ್‌ಸ್ಟಾಕ್ ಕೂರುವ ಜಾಗ ಕಳೆದರೆ ಆರಡಿ ಲೇತಿನಲ್ಲಿ ಎರಡು ಸೆಂಟರುಗಳ (ಚೂಪು ಮೊನೆಗಳ) ನಡುವೆ ಹಿಡಿಯುವ ಕೆಲಸ, ಅಂದರೆ ಲೋಹದ ತುಂಡು, ಸುಮಾರು ಒಂದು ಮೀಟರ್ ಮಾತ್ರ. ಹೊರಗಿನಿಂದ ಬರುವ ಪುಟ್ಟ ಲೇತುಗಳಲ್ಲಿ ‘180 × 300’ ಅಂತ ಬರೆದಿರುತ್ತದೆ. ಬೆಡ್ ಮೇಲೆ ತಿರುಗಬಲ್ಲ ಅತಿ ದೊಡ್ಡ ವ್ಯಾಸ 180, ಸೆಂಟರುಗಳ ನಡುವೆ 300 ಎಂದು ಅರ್ಥ. ನಮ್ಮ ಅಂಗಡಿಯವರು ‘ಸೆಂಟರ್ ಹೈಟ್’ ಹೇಳಿದರೆ ಅದನ್ನು ಎರಡರಿಂದ ಗುಣಿಸಿ, ಆಗ ಬೆಡ್ ಮೇಲಿನ ವ್ಯಾಸ ಸಿಗುತ್ತದೆ.

ಎಡವುವುದು ಇಲ್ಲೇ. ಬೆಡ್ ಮೇಲೆ 180 ತಿರುಗಿದರೂ ಕ್ರಾಸ್ ಸ್ಲೈಡ್ ಮೇಲೆ ಅದರ ಅರ್ಧದ ಆಸುಪಾಸು ಮಾತ್ರ ತಿರುಗುತ್ತದೆ. ಉದ್ದದ ಶಾಫ್ಟಿಗೆ ಲೆಕ್ಕಕ್ಕೆ ಬರುವುದು ಆ ಚಿಕ್ಕ ಅಂಕಿ, ಅದನ್ನು ಕೇಳಿ ಬರೆದುಕೊಳ್ಳಿ. ಉದ್ದದಲ್ಲೂ ಹಾಗೆಯೇ: 300 ಮಿ.ಮೀ. ಲೇತಿನಲ್ಲಿ ತುಂಡನ್ನು ದವಡೆಗಳಲ್ಲಿ ಹಿಡಿಯುವ ಚಕ್ಕಿಗೆ 60–70, ಟೇಲ್‌ಸ್ಟಾಕಿನ ಡ್ರಿಲ್ ಚಕ್ಕಿಗೂ ಡ್ರಿಲ್ಲಿಗೂ ಇನ್ನು 150 ಹೋದರೆ ಕೆಲಸಕ್ಕೆ ಉಳಿಯುವುದು 80 ಮಿ.ಮೀ. ಮಾತ್ರ.

ಸ್ಪಿಂಡಲ್ ಬೋರ್ ಅಂದರೆ ಚಕ್ಕನ್ನು ತಿರುಗಿಸುವ ದಂಡವಾದ ಸ್ಪಿಂಡಲ್ ಒಳಗಿನ ರಂಧ್ರ. ಪುಟ್ಟ ಲೇತಿನಲ್ಲಿ ಇದು 20 ಮಿ.ಮೀ. ಆಸುಪಾಸು, ದೊಡ್ಡದರಲ್ಲಿ 38 ಅಥವಾ ಹೆಚ್ಚು. ಉದ್ದನೆಯ ರಾಡನ್ನು ಒಳಗೆ ತೂರಿಸಿ ತುದಿಯಷ್ಟೇ ಟರ್ನ್ ಮಾಡಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ. 25 ಮಿ.ಮೀ. ಬಾರ್ ಒಳಗೆ ಹೋಗದಿದ್ದರೆ ಪ್ರತಿ ಸಲ ಕತ್ತರಿಸಿಯೇ ತರಬೇಕು.

3. ನೆಲ, ಬಾಗಿಲು, ಕರೆಂಟ್

ಮನೆಯ ಸ್ಲ್ಯಾಬನ್ನು ಭಾರತೀಯ ಮಾನಕದಂತೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ಪುಟ್ಟ ಲೇತ್ 40 ಕೆ.ಜಿ. ಆಸುಪಾಸು, ಗಟ್ಟಿ ಮೇಜಿದ್ದರೆ ಮಹಡಿಯಲ್ಲೂ ನಡೆಯುತ್ತದೆ. ನಾಲ್ಕೂವರೆ ಅಡಿ ಲೇತ್ ಹಲವು ನೂರು ಕೆ.ಜಿ. ತೂಗುತ್ತದೆ, ಅದಕ್ಕೆ ನೆಲಮಹಡಿಯೇ ಬೇಕು. ಬಾಗಿಲ ಅಗಲ, ತಿರುವು, ಗಾಡಿ ನಿಲ್ಲುವ ಜಾಗ ಮೂರನ್ನೂ ಟೇಪ್ ಹಿಡಿದು ಅಳೆಯಿರಿ.

ಕರೆಂಟಿನದು ಇನ್ನೂ ದೊಡ್ಡ ವಿಷಯ. ಒಂದು ಎಚ್‌ಪಿ ಅಂದರೆ 746 ವ್ಯಾಟ್. ಒಂದು ಎಚ್‌ಪಿ ಸಿಂಗಲ್ ಫೇಸ್ ಮೋಟಾರಿಗೆ 16 ಆಂಪಿಯರ್ ಸಾಕೆಟ್, ಮೋಟಾರ್ ಶುರುವಾಗುವಾಗಿನ ಹೆಚ್ಚು ಕರೆಂಟಿಗೆ ಬೀಳದ ಸಿ ಕರ್ವ್ ಎಂಸಿಬಿ, ಸರಿಯಾದ ಅರ್ತಿಂಗ್, ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಮನೆಗೆ ಮಂಜೂರಾದ ಲೋಡ್ ಎಷ್ಟೆಂದು ವಿದ್ಯುತ್ ಬಿಲ್ಲಿನಲ್ಲೇ ಇರುತ್ತದೆ, ನೋಡಿ. ಹಣ ತೆಗೆದುಕೊಂಡು ಹೊರಗಿನವರ ಜಾಬ್ ವರ್ಕ್ ಮಾಡುವ ಯೋಚನೆ ಇದ್ದರೆ ಗೃಹಬಳಕೆಯ ಸಂಪರ್ಕ ನಡೆಯುವುದಿಲ್ಲ.

ಹಳೆಯ ಲೇತುಗಳಲ್ಲಿ ಇರುವುದು ಸಾಮಾನ್ಯವಾಗಿ 415 ವೋಲ್ಟಿನ ತ್ರೀ ಫೇಸ್ ಮೋಟಾರ್. ‘ಒಂದು ವಿಎಫ್‌ಡಿ ಹಾಕಿದರೆ ಆಯಿತು’ ಅನ್ನುವವರು ಬಹಳ. ವಿಎಫ್‌ಡಿ ಅಂದರೆ ಮನೆಯ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ, ವೇಗವನ್ನೂ ಬದಲಿಸಿಕೊಡುವ ಪೆಟ್ಟಿಗೆ. ಆದರೆ ಒಳಗೆ 230 ಕೊಟ್ಟರೆ ಅದು ಹೊರಗೆ ಕೊಡುವುದೂ 230 ವೋಲ್ಟಿನ ತ್ರೀ ಫೇಸೇ. ನಮ್ಮಲ್ಲಿ 2 ಎಚ್‌ಪಿವರೆಗಿನ ಮೋಟಾರುಗಳನ್ನು ಸಾಮಾನ್ಯವಾಗಿ 415ಕ್ಕೆ ಸ್ಟಾರ್ ಜೋಡಣೆಯಲ್ಲಿ, ಅಂದರೆ ಮೂರು ವೈಂಡಿಂಗುಗಳ ಒಂದೊಂದು ತುದಿಯನ್ನು ಒಂದೇ ಗಂಟಿಗೆ ಸೇರಿಸಿ, ಸುತ್ತಿರುತ್ತಾರೆ. ಅದೇ ವೈಂಡಿಂಗನ್ನು ಡೆಲ್ಟಾ (ಒಂದರ ತುದಿಗೆ ಇನ್ನೊಂದರ ತುದಿ ಸೇರಿಸಿದ ತ್ರಿಕೋನ) ಮಾಡಿದರೆ 240 ವೋಲ್ಟಿಗೆ ಸರಿಹೊಂದುತ್ತದೆ. ತೊಡಕೆಂದರೆ ಟರ್ಮಿನಲ್ ಬಾಕ್ಸ್ ಬಿಚ್ಚಿದಾಗ ಎಷ್ಟೋ ಮೋಟಾರಿನಲ್ಲಿ ಮೂರೇ ವೈರ್ ಇರುತ್ತವೆ, ಸ್ಟಾರ್ ಗಂಟನ್ನು ಒಳಗೇ ಹಾಕಿ ಮುಚ್ಚಿರುತ್ತಾರೆ. ರಿವೈಂಡಿಂಗ್ ಅಂಗಡಿಯವರು ಆ ಗಂಟು ಬಿಚ್ಚಿ ಆರು ತುದಿ ಹೊರತೆಗೆದು ಕೊಡುತ್ತಾರೆ. 3 ಎಚ್‌ಪಿ ಮತ್ತು ಅದಕ್ಕಿಂತ ದೊಡ್ಡವು ಮೊದಲೇ 415ಕ್ಕೆ ಡೆಲ್ಟಾ ಆಗಿರುವುದೇ ಹೆಚ್ಚು. ಅವು 230ರಲ್ಲಿ ಪೂರ್ತಿ ಶಕ್ತಿ ಕೊಡಲಾರವು, ಬೇರೆ ಮೋಟಾರೇ ಹಾಕಬೇಕು. ಚೌಕಾಸಿಗೆ ಇಳಿಯುವ ಮೊದಲು ನೇಮ್‌ಪ್ಲೇಟಿನ ಫೋಟೊ ತೆಗೆದುಕೊಳ್ಳಿ.

4. ಹೊಸ ಪುಟ್ಟದೋ, ಹಳೆಯ ದೊಡ್ಡದೋ

ಹೊಸ ಪುಟ್ಟ ಲೇತ್ ಚೀನಾದಲ್ಲಿ ತಯಾರಾಗಿ ಇಲ್ಲಿನ ಮಾರಾಟಗಾರರ ಮೂಲಕ ಬರುತ್ತದೆ. ವೇಗ ನಾಬ್ ತಿರುಗಿಸಿದರೆ ಬದಲಾಗುತ್ತದೆ, ಮನೆಯ ಪ್ಲಗ್ಗೇ ಸಾಕು. ಅದನ್ನು ಬಿಡಿಭಾಗಗಳ ಕಿಟ್ ಎಂದುಕೊಂಡೇ ಕೊಳ್ಳಿ. ಬಂದ ದಿನ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು, ಸ್ಲೈಡುಗಳ ಚೂಪು ಅಂಚುಗಳನ್ನು ಒರೆಕಲ್ಲಿನಿಂದ ಸವರಿ, ಗಿಬ್‌ಗಳನ್ನು ಹೊಂದಿಸಬೇಕು. ಸ್ಲೈಡಿನ ಸಡಿಲ ಹಿಡಿಯುವ ತೆಳು ಪಟ್ಟಿಗೆ ಗಿಬ್ ಅನ್ನುತ್ತಾರೆ. ಎಂಎಸ್, ಅಂದರೆ ಸಾಧಾರಣ ಕಬ್ಬಿಣದಲ್ಲಿ ಒಂದು ಸಲಕ್ಕೆ 0.25ರಿಂದ 0.5 ಮಿ.ಮೀ. ಕಟ್ ತೆಗೆದುಕೊಳ್ಳುತ್ತದೆ. ಬ್ರಷ್ ಇರುವ ಡಿಸಿ ಮೋಟಾರಿಗೆ ಕಡಿಮೆ ವೇಗದಲ್ಲಿ ಶಕ್ತಿ ಸಾಲದು, ದೊಡ್ಡ ಡ್ರಿಲ್ ಹಾಕಿದರೆ ನಿಂತೇಬಿಡುತ್ತದೆ. ಹಾಗೆ ನಿಂತ ಮೋಟಾರಿಗೆ ಕರೆಂಟ್ ಹರಿಯುತ್ತಲೇ ಇದ್ದರೆ ಕಂಟ್ರೋಲ್ ಬೋರ್ಡ್ ಸುಡುತ್ತದೆ. ಕೊಳ್ಳುವಾಗ ಕೇಳಬೇಕಾದ್ದು ಎರಡೇ: ಆ ಬೋರ್ಡ್ ಬಿಡಿಯಾಗಿ ನಿಮ್ಮಲ್ಲಿ ಸ್ಟಾಕ್ ಇದೆಯಾ? ಪ್ಲಾಸ್ಟಿಕ್ ಗೇರ್‌ಗಳ ಇನ್ನೊಂದು ಸೆಟ್ ಕೊಡುತ್ತೀರಾ? ಎರಡಕ್ಕೂ ‘ತರಿಸಿಕೊಡ್ತೀವಿ ಸರ್’ ಎಂಬ ಉತ್ತರ ಬಂದರೆ ಬೇರೆ ಅಂಗಡಿ ನೋಡಿ.

ಹಳೆಯದರಲ್ಲಿ ಎರಡು ಜಾತಿ. ಒಂದು, 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಇವುಗಳ ಲೇತುಗಳು. ಎರಕ, ಗೇರು, ಬೇರಿಂಗು ಎಲ್ಲ ಉತ್ತಮ ದರ್ಜೆ. ಸವೆದರೂ ರಿಪೇರಿಗೆ ಯೋಗ್ಯ. ಆದರೆ ಎಚ್‌ಎಂಟಿಯವು ಬಹುಪಾಲು ಕಾರ್ಖಾನೆಯ ಗಾತ್ರದವು, ಮನೆಗೆ ಭಾರ. ಇನ್ನೊಂದು, ಬಟಾಲ, ಲೂಧಿಯಾನ, ರಾಜ್‌ಕೋಟ್ ಕಡೆಯ ಬೆಲ್ಟ್ ಪುಲ್ಲಿ ಲೇತುಗಳು. ಮೂಲೆಮೂಲೆಯ ವೆಲ್ಡಿಂಗ್ ಅಂಗಡಿಯಲ್ಲೂ ಇವೇ ಇರುತ್ತವೆ. ರಚನೆ ಸರಳ, ಬಿಡಿಭಾಗ ಸಿಗುತ್ತದೆ, ಗುಣಮಟ್ಟ ಒಂದೊಂದರಲ್ಲಿ ಒಂದೊಂದು ಥರ. ಬಣ್ಣ ನೋಡಿ ನಂಬಬೇಡಿ. ಹೊಸ ಹಸಿರು ಪೇಂಟಿನ ಕೆಳಗೆ ಬಿರುಕು ಬಿಟ್ಟ ಎರಕಕ್ಕೆ ಪುಟ್ಟಿ ಹಾಕಿ ಮುಚ್ಚಿದ್ದೂ ಇರುತ್ತದೆ.

ಜಾಗವೂ ನೆಲಮಹಡಿಯೂ ಇದ್ದರೆ ನಾಲ್ಕೂವರೆ ಅಡಿಯ ಒಳ್ಳೆಯ ಹಳೆಯ ಲೇತಿಗೇ ನಮ್ಮ ಓಟು. ಕಟ್ಟಿಂಗಿನ ನಡುಕ ನುಂಗುವುದು ಯಂತ್ರದ ತೂಕ. ಆ ತೂಕ ಪುಟ್ಟ ಲೇತಿಗೆ ಯಾವ ಹೆಚ್ಚುವರಿ ಬಿಡಿಭಾಗದಿಂದಲೂ ಬರುವುದಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ, ಹಿತ್ತಾಳೆ–ಅಲ್ಯೂಮಿನಿಯಂನ ಸಣ್ಣ ಕೆಲಸ ಮಾಡುವವರಿಗೆ ಪುಟ್ಟದೇ ಸರಿ.

5. ಹಳೆಯ ಲೇತನ್ನು ಪರೀಕ್ಷಿಸುವುದು

ಚೀಲದಲ್ಲಿ ಇವು ಇರಲಿ: ಮ್ಯಾಗ್ನೆಟ್ ಸ್ಟ್ಯಾಂಡ್ ಜೊತೆಗೆ 0.01 ಮಿ.ಮೀ. ಡಯಲ್ ಗೇಜ್, 25–50 ಮೈಕ್ರೊಮೀಟರ್, 40 ಮಿ.ಮೀ. ವ್ಯಾಸದ 250 ಮಿ.ಮೀ. ಉದ್ದದ ಎಂಎಸ್ ಬಾರ್, ಸಾಣೆ ಹಿಡಿದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್, ಟಾರ್ಚ್, ಹಳೆ ಬಟ್ಟೆ. ಕರೆಂಟ್ ಕೊಟ್ಟು ಓಡಿಸಿ ತೋರಿಸಲಾಗದ ಯಂತ್ರಕ್ಕೆ ಗುಜರಿ ಬೆಲೆಗಿಂತ ಹೆಚ್ಚು ಕೊಡಬೇಡಿ.

ಬೆಡ್: ಬಟ್ಟೆಯಿಂದ ಒರೆಸಿ, ಚಕ್ಕಿನ ಹತ್ತಿರ ಉಗುರಿನಿಂದ ಗೀರಿ ನೋಡಿ. ಟೂಲನ್ನು ಹೊತ್ತು ಬೆಡ್ ಮೇಲೆ ಸರಿಯುವ ಸ್ಯಾಡಲ್ ಓಡಾಡುವ ಜಾಗಕ್ಕೂ ಓಡಾಡದ ಜಾಗಕ್ಕೂ ನಡುವೆ ಮೆಟ್ಟಿಲು ಸಿಕ್ಕಿದರೆ ಅದೇ ಸವೆತ. ಎಲ್ಲ ಹಳೆಯ ಲೇತಿನಲ್ಲೂ ಅಷ್ಟಿಷ್ಟು ಇರುತ್ತದೆ, ಹೆದರಬೇಡಿ. ಟೂಲ್ 0.2 ಮಿ.ಮೀ. ಕೆಳಗಿಳಿದರೂ 25 ಮಿ.ಮೀ. ಬಾರಿನ ವ್ಯಾಸದಲ್ಲಿ ಆಗುವ ವ್ಯತ್ಯಾಸ 0.003 ಮಿ.ಮೀ. ಮಾತ್ರ. ಕಾಡುವುದು ಅಡ್ಡಕ್ಕಾದ ಸವೆತ. ಟೂಲ್ ಹೊರಕ್ಕೆ 0.05 ಸರಿದರೆ ವ್ಯಾಸ 0.1 ಹೆಚ್ಚುತ್ತದೆ. ಸ್ಯಾಡಲ್ಲನ್ನು ಚಕ್ಕಿನ ಬಳಿ ತಂದು ಅಲುಗಾಡದಂತೆ ಬಿಗಿ ಮಾಡಿ, ಟೇಲ್‌ಸ್ಟಾಕಿನ ಕಡೆಗೆ ಉರುಳಿಸಿ. ಸ್ವಲ್ಪ ಗಟ್ಟಿಯಾದರೆ ಸಹಜ. ಅರ್ಧದಲ್ಲೇ ಸಿಕ್ಕಿಕೊಂಡರೆ ಬೆಡ್ಡನ್ನು ಗ್ರೈಂಡ್ ಮಾಡಿಸಬೇಕಾಗುತ್ತದೆ, ಆ ಖರ್ಚು ಯಂತ್ರದ ಬೆಲೆಯನ್ನೇ ನುಂಗುತ್ತದೆ.

ಸ್ಪಿಂಡಲ್: ಚಕ್ ಬಿಚ್ಚಿಸಿ. ಡಯಲ್ಲಿನ ಮುಳ್ಳನ್ನು ಸ್ಪಿಂಡಲ್ ಮೂತಿಗೇ ತಾಗಿಸಿ ಕೈಯಿಂದ ತಿರುಗಿಸಿ. 0.01–0.02ರ ಔಟ್, ಅಂದರೆ ಮುಳ್ಳಿನ ಅಲುಗಾಟ, ಸರಿ. ಚಕ್ಕಿನಲ್ಲಿ ಹಿಡಿದ ರಾಡಿಗೆ ಡಯಲ್ ತಾಗಿಸಿದರೆ ಚಕ್ಕಿನ ತಪ್ಪನ್ನೇ ಸ್ಪಿಂಡಲ್ ತಪ್ಪೆಂದು ಓದುತ್ತೀರಿ. ಆಮೇಲೆ ಸ್ಪಿಂಡಲ್ಲಿನ ರಂಧ್ರಕ್ಕೆ ಒಂದು ಮರದ ಗೂಟ ತೂರಿಸಿ ಮೇಲಕ್ಕೆ ಮೀಟಿ. ಮುಳ್ಳು 0.05 ದಾಟಿದರೆ ಬೇರಿಂಗ್ ಹೊಂದಿಸಬೇಕು ಅಥವಾ ಬದಲಿಸಬೇಕು. ಎಲ್ಲ ವೇಗದಲ್ಲೂ ಐದೈದು ನಿಮಿಷ ಓಡಿಸಿ ಬೇರಿಂಗ್ ಕವರ್ ಮೇಲೆ ಕೈಯಿಡಿ. ಬೆಚ್ಚಗಾದರೆ ಸರಿ, ಕೈಯಿಡಲಾಗದಷ್ಟು ಸುಟ್ಟರೆ ಬೇಡ.

ಪ್ಲೇ: ಕ್ರಾಸ್ ಸ್ಲೈಡಿನ ಹಿಡಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸುವಾಗ ಸ್ಲೈಡ್ ಚಲಿಸದೆ ಹೋಗುವ ಖಾಲಿ ಓಟವೇ ಬ್ಯಾಕ್‌ಲ್ಯಾಶ್. 0.2 ಮಿ.ಮೀ. ನಡೆಯುತ್ತದೆ. ಅರ್ಧ ಸುತ್ತು ಖಾಲಿ ಹೋದರೆ ಒಳಗಿನ ಗನ್‌ಮೆಟಲ್ ನಟ್ ಸವೆದಿದೆ. ಅದು ಮಾಡಿಸಿಕೊಳ್ಳಬಹುದಾದ ಭಾಗ, ಬೆಲೆ ಇಳಿಸಲು ಒಳ್ಳೆಯ ಕಾರಣವೂ ಹೌದು.

ಗೇರುಗಳು: ಮರೆ ಕಟ್ ಮಾಡುವ ಚೇಂಜ್ ಗೇರುಗಳನ್ನು ಚಾರ್ಟಿನ ಎದುರು ಒಂದೊಂದಾಗಿ ಎಣಿಸಿ. ಬಹಳಷ್ಟು ಹಳೆಯ ಲೇತುಗಳ ಲೀಡ್ ಸ್ಕ್ರೂ (ಮರೆ ತೆಗೆಯುವಾಗ ಸ್ಯಾಡಲ್ಲನ್ನು ಎಳೆಯುವ ಉದ್ದ ಸ್ಕ್ರೂ) ಇಂಚಿನದು, ಇಂಚಿಗೆ ನಾಲ್ಕು ಮರೆ, ಅಂದರೆ 6.35 ಮಿ.ಮೀ. ಪಿಚ್. ಅದರಲ್ಲಿ ಮಿಲಿಮೀಟರ್ ಮರೆ ನಿಖರವಾಗಿ ಬರಬೇಕಾದರೆ 127 ಹಲ್ಲಿನ ಗೇರ್ ಬೇಕು. 1.5 ಪಿಚ್ಚಿಗೆ ಸ್ಪಿಂಡಲ್ ಕಡೆಯ 30 ಹಲ್ಲಿನ ಗೇರ್ ಲೀಡ್ ಸ್ಕ್ರೂ ಕಡೆಯ 127 ಹಲ್ಲಿನದನ್ನು ಓಡಿಸಬೇಕು: 1.5 ಭಾಗಿಸು 6.35, ಸರಿಯಾಗಿ 30 ಭಾಗಿಸು 127. ಆ ಗೇರ್ ಕಳೆದಿದ್ದರೆ ಮಾಡಿಸುವ ಖರ್ಚು ಹಿಡಿಯಿರಿ. ಇಂಚಿನ ಲೀಡ್ ಸ್ಕ್ರೂನಲ್ಲಿ ಮಿಲಿಮೀಟರ್ ಮರೆ ತೆಗೆಯುವಾಗ ಸ್ಯಾಡಲ್ಲನ್ನು ಆ ಸ್ಕ್ರೂಗೆ ಕೂಡಿಸುವ ಹಾಫ್ ನಟ್ ಮಧ್ಯೆ ಬಿಚ್ಚುವಂತಿಲ್ಲ, ಪ್ರತಿ ಕಟ್ ಆದ ಮೇಲೂ ಮೋಟಾರನ್ನು ಹಿಂದಕ್ಕೆ ತಿರುಗಿಸಿಯೇ ಬರಬೇಕು. ಹಾಗಾಗಿ ರಿವರ್ಸ್ ಸ್ವಿಚ್ ಕೆಲಸ ಮಾಡುತ್ತದೆಯೇ ನೋಡಿ. ಚಕ್ ಸ್ಪಿಂಡಲ್ಲಿಗೆ ಮರೆಯಲ್ಲಿ ಕೂರುವ ಲೇತಿನಲ್ಲಿ ಜೋರಾಗಿ ರಿವರ್ಸ್ ಕೊಟ್ಟರೆ ಚಕ್ ಬಿಚ್ಚಿಕೊಂಡು ಬೀಳುತ್ತದೆ. ಪೂರ್ತಿ ನಿಲ್ಲಿಸಿ, ನಿಧಾನದ ವೇಗದಲ್ಲಿ ಮಾತ್ರ ಹಿಂದಕ್ಕೆ ಓಡಿಸಿ.

ಕೊನೆಗೆ ಕಟ್: ಬಾರನ್ನು ಚಕ್ಕಿನಿಂದ 150 ಮಿ.ಮೀ. ಹೊರಗೆ ಹಿಡಿದು, ಟೇಲ್‌ಸ್ಟಾಕ್ ಆಸರೆ ಇಲ್ಲದೆ, ನಡುಭಾಗ ಸ್ವಲ್ಪ ತಗ್ಗು ಮಾಡಿ ಎರಡು ತುದಿಯಲ್ಲಿ ಎರಡು ಬಳೆಯಂತೆ ಬಿಡಿ. ಕ್ರಾಸ್ ಸ್ಲೈಡ್ ಮುಟ್ಟದೆ ಎರಡರ ಮೇಲೂ 0.1 ಮಿ.ಮೀ. ತೆಳು ಕಟ್ ಓಡಿಸಿ ಮೈಕ್ರೊಮೀಟರಿನಲ್ಲಿ ಅಳೆಯಿರಿ. 100 ಮಿ.ಮೀ.ಗೆ 0.02–0.03 ವ್ಯತ್ಯಾಸ ಬಂದರೆ ಒಳ್ಳೆಯ ಯಂತ್ರ. ಹೆಚ್ಚು ಬಂದರೂ ತಕ್ಷಣ ಬಿಟ್ಟುಬರಬೇಡಿ. ಅಂಗಡಿಯಲ್ಲಿ ಲೆವೆಲ್ ಮಾಡದೆ ನಿಲ್ಲಿಸಿದ ಲೇತಿನ ಬೆಡ್ ತಿರುಚಿಕೊಂಡಿರುತ್ತದೆ, ಅದನ್ನು ಮನೆಯಲ್ಲಿ ಸರಿಪಡಿಸಬಹುದು. ಕಟ್ ಆದ ಮೈಮೇಲೆ ಅಲೆಅಲೆಯ ಗುರುತು ಬಂದು, ಟೂಲ್ ಸಾಣೆ ಹಿಡಿದರೂ ಹೋಗದಿದ್ದರೆ ಸ್ಪಿಂಡಲ್ ಬೇರಿಂಗನ್ನು ಮತ್ತೊಮ್ಮೆ ನೋಡಿ.

6. ತಂದು ಕೂರಿಸುವುದು

ಸಾಗಿಸುವಾಗ ಯಂತ್ರ ಎತ್ತುವ ಬೆಲ್ಟನ್ನು ಬೆಡ್ಡಿನ ಕೆಳಗೆ ಹಾಕಿ. ಲೀಡ್ ಸ್ಕ್ರೂ ಮೇಲೋ ಸ್ಪಿಂಡಲ್ ಮೇಲೋ ಭಾರ ಬಿದ್ದರೆ ಬಾಗುತ್ತವೆ. ಟೇಲ್‌ಸ್ಟಾಕ್ ತುದಿಗೆ ತಂದು ಲಾಕ್ ಮಾಡಿ. ಲೇತಿನ ತೂಕವೆಲ್ಲ ತಲೆಯ ಕಡೆ ಮತ್ತು ಮೇಲ್ಭಾಗದಲ್ಲಿ, ಹಾಗಾಗಿ ವಾಲಿಕೊಂಡರೆ ಕೈಕೊಟ್ಟು ತಡೆಯಲು ಹೋಗಬೇಡಿ, ದೂರ ಸರಿಯಿರಿ.

ಕಾಂಕ್ರೀಟ್ ನೆಲದ ಮೇಲೆ ಕೂರಿಸಿ ಮೇಲೆ ಹೇಳಿದ ಎರಡು ಬಳೆಯ ಕಟ್ಟನ್ನು ಮತ್ತೆ ಮಾಡಿ. ಟೇಲ್‌ಸ್ಟಾಕ್ ಕಡೆಯ ಒಂದು ಕಾಲಿನ ಕೆಳಗೆ ತೆಳು ಶಿಮ್ ತಗಡು ಇಟ್ಟು ಬೋಲ್ಟ್ ಬಿಗಿದು ಕಟ್ ಮಾಡಿ, ಅಳೆಯಿರಿ. ವ್ಯತ್ಯಾಸ ಹೆಚ್ಚಾದರೆ ಶಿಮ್ಮನ್ನು ಇನ್ನೊಂದು ಕಾಲಿಗೆ ಹಾಕಿ. ಎರಡೂ ಬಳೆ ಒಂದೇ ಅಳತೆಗೆ ಬರುವವರೆಗೆ ಇದೇ ಕೆಲಸ. ಒಂದು ಭಾನುವಾರ ಪೂರ್ತಿ ಹಿಡಿದರೂ ಹಿಡಿಯಲಿ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಪ್ರತಿ ಸಂಜೆ ಬೆಡ್ಡಿಗೆ 68 ದರ್ಜೆಯ ಸ್ಲೈಡ್‌ವೇ ಆಯಿಲ್ ಒರೆಸಿ ಹತ್ತಿ ಬಟ್ಟೆ ಹೊದೆಸಿ. ಪ್ಲಾಸ್ಟಿಕ್ ಹಾಳೆ ಹೊದೆಸಿದರೆ ಒಳಗೆ ತೇವ ಕಟ್ಟಿ ತುಕ್ಕು ಬೇಗ ಹಿಡಿಯುತ್ತದೆ.

ಸುರಕ್ಷತೆಯ ಬಗ್ಗೆ ಕಡ್ಡಾಯವಾದ ನಾಲ್ಕು ಮಾತು. ತಿರುಗುವ ಯಂತ್ರದ ಮುಂದೆ ಕೈಗವಸು ಹಾಕಬೇಡಿ, ಅದು ಬೆರಳನ್ನು ಎಳೆದುಕೊಳ್ಳುತ್ತದೆ. ಲುಂಗಿ, ಸೆರಗು, ದುಪ್ಪಟ್ಟಾ, ಬಿಟ್ಟ ಕೂದಲು, ಕೊರಳ ಸರ, ಉಂಗುರ, ಮಣಿಕಟ್ಟಿನ ಕಾಶಿದಾರ ಯಾವುದೂ ಬೇಡ. ಚಕ್ ಕೀಯಿಂದ ಕೈ ತೆಗೆಯುವುದು ಕೀ ಹೊರಗೆ ಬಂದ ಮೇಲೆಯೇ. ರಕ್ಷಣಾ ಕನ್ನಡಕ ಸದಾ ಕಣ್ಣ ಮೇಲಿರಲಿ, ಲೋಹದ ಸುರುಳಿಯನ್ನು ಕೈಯಿಂದ ಎಳೆಯದೆ ಕೊಕ್ಕೆಯಿಂದ ತೆಗೆಯಿರಿ.

7. ಟೂಲಿಂಗಿಗೆ ಹಣ ಉಳಿಸಿ

ಕೈಯಲ್ಲಿ 100 ರೂಪಾಯಿ ಇದ್ದರೆ ಯಂತ್ರಕ್ಕೆ 60, ಉಳಿದ 40 ಟೂಲಿಂಗಿಗೆ. ಅದಕ್ಕಿಂತ ಹೆಚ್ಚು ಯಂತ್ರಕ್ಕೆ ಸುರಿದವರ ಲೇತ್ ಚಕ್ ಇಲ್ಲದೆ ಕೂತಿರುತ್ತದೆ. ಬೇಕಾದ್ದು: ಮೂರು ದವಡೆಯ ಟ್ರೂ ಚಕ್, ನಾಲ್ಕು ದವಡೆಗಳೂ ಬೇರೆಬೇರೆ ಚಲಿಸುವ ಡಾಗ್ ಚಕ್, ರಿವಾಲ್ವಿಂಗ್ ಸೆಂಟರ್, 13 ಮಿ.ಮೀ. ಡ್ರಿಲ್ ಚಕ್, ಸೆಂಟರ್ ಡ್ರಿಲ್, ವರ್ನಿಯರ್, 0–25 ಮೈಕ್ರೊಮೀಟರ್, ಡಯಲ್ ಗೇಜ್, ಬೆಂಚ್ ಗ್ರೈಂಡರ್. ಎರಡರಲ್ಲಿ ಒಂದೇ ಚಕ್ ಕೊಳ್ಳಲು ಸಾಧ್ಯವಾದರೆ ಡಾಗ್ ಚಕ್ ಕೊಳ್ಳಿ. ಡಯಲ್ ಇಟ್ಟು ಹೊಂದಿಸಿದರೆ ಅದರಲ್ಲಿ ಕೆಲಸ ಸೊನ್ನೆಗೆ ಬರುತ್ತದೆ, ಸವೆದ ಟ್ರೂ ಚಕ್ಕಿನಲ್ಲಿ ಬರುವುದಿಲ್ಲ. ಬೆಂಗಳೂರಿನವರಿಗೆ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಸಾಲಿನಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ.

ಟೂಲ್ ಬಿಟ್‌ಗೆ ಮಿರಾಂಡದಂಥ ಕಂಪನಿಯ ಎಚ್‌ಎಸ್‌ಎಸ್ ತೆಗೆದುಕೊಂಡು ನೀವೇ ಸಾಣೆ ಹಿಡಿಯುವುದು ಕಲಿಯಿರಿ. ಕಾರ್ಬೈಡ್ ಇನ್ಸರ್ಟ್ ಬಯಸುವ ವೇಗ, ಕಟ್ ಎರಡೂ ಚಿಕ್ಕ ಲೇತಿಗೆ ಮೀರಿದ್ದು. ವೇಗದ ಲೆಕ್ಕ ಸುಲಭ: ಎಂಎಸ್‌ಗೆ ಎಚ್‌ಎಸ್‌ಎಸ್ ಟೂಲಿನಲ್ಲಿ ನಿಮಿಷಕ್ಕೆ 25 ಮೀಟರ್ ಹಿಡಿದರೆ, 8000ವನ್ನು ಮಿ.ಮೀ. ವ್ಯಾಸದಿಂದ ಭಾಗಿಸಿ. 25 ಮಿ.ಮೀ. ಬಾರಿಗೆ 320 ಸುತ್ತು.

8. ಇನ್ನು ಮಿಲ್ಲಿಂಗ್ ಮೆಷಿನ್

ಡ್ರಿಲ್ಲಿಂಗ್ ಮೆಷಿನ್ನಿಗೆ ಎಂಡ್ ಮಿಲ್ ಎಂಬ ಮಿಲ್ಲಿಂಗ್ ಕಟ್ಟರ್ ಹಾಕಿ ಮಿಲ್ಲಿಂಗ್ ಮಾಡಬೇಡಿ. ಅದರ ಚಕ್ ಟೇಪರಿನ, ಅಂದರೆ ತುದಿಗೆ ಸಪೂರವಾಗುವ ಕಡ್ಡಿಯ, ಹಿಡಿತದಲ್ಲಷ್ಟೇ ನಿಂತಿರುತ್ತದೆ, ಪಕ್ಕದಿಂದ ಒತ್ತಡ ಬಿದ್ದರೆ ತಿರುಗುತ್ತಲೇ ಕಳಚಿ ಬೀಳುತ್ತದೆ. ಮಿಲ್ಲಿಂಗ್ ಸ್ಪಿಂಡಲ್ಲಿನಲ್ಲಿ ಮೇಲಿನಿಂದ ಡ್ರಾ ಬಾರ್ ಎಂಬ ಉದ್ದ ಬೋಲ್ಟ್ ಎಳೆದು ಹಿಡಿದಿರುತ್ತದೆ. ಲೇತಿನ ವರ್ಟಿಕಲ್ ಸ್ಲೈಡಿನಲ್ಲಿ ಕೆಲಸ ಮಾಡುವವರೂ ಕಟ್ಟರನ್ನು ಟ್ರೂ ಚಕ್ಕಿನಲ್ಲಿ ಹಿಡಿಯಬೇಡಿ. ಗಟ್ಟಿ ದವಡೆ, ಗಟ್ಟಿ ಶ್ಯಾಂಕ್ (ಕಟ್ಟರಿನ ಬುಡ), ಕಟ್ಟರ್ ಮೆಲ್ಲಗೆ ಹೊರಗೆ ಜಾರಿ ಕೆಲಸದೊಳಗೆ ಇಳಿಯುತ್ತದೆ. ಶ್ಯಾಂಕನ್ನು ಸುತ್ತಲೂ ಬಿಗಿಯುವ ಸೀಳು ಕೊಳವೆಯಂಥ ಕಾಲೆಟ್ಟಿನಲ್ಲೇ ಹಿಡಿಯಿರಿ.

ಪೇಟೆಯಲ್ಲಿ ಮೂರು ಬಗೆ. 50–60 ಕೆ.ಜಿ.ಯ ಪುಟ್ಟ ಮಿಲ್ ಹಿತ್ತಾಳೆ, ಅಲ್ಯೂಮಿನಿಯಂಗೆ ಸಾಕು. ದುಂಡು ಕಂಬದ ಮಿಲ್–ಡ್ರಿಲ್ ಅಗ್ಗ, ಗಟ್ಟಿ, ಆದರೆ ತಲೆಯನ್ನು ಎತ್ತಿದರೂ ಇಳಿಸಿದರೂ ಕಂಬದ ಸುತ್ತ ಸರಿದು ಅಳತೆ ತಪ್ಪುತ್ತದೆ. ಡ್ರಿಲ್ ಬದಲಿಸುವಷ್ಟರಲ್ಲಿ ರಂಧ್ರದ ಕೇಂದ್ರ ಹೋಗಿರುತ್ತದೆ. ಡವ್‌ಟೇಲ್ ಜಾಡಿರುವ ಚೌಕ ಕಂಬದ, 100 ಕೆ.ಜಿ. ದಾಟಿದ ಬೆಂಚ್ ಮಿಲ್ ಮನೆಗೆ ಸರಿಯಾದ ಆಯ್ಕೆ. ಕಾರ್ಖಾನೆಗಳು ಬಳಸಿ ಮಾರುವ ಎಂ1ಟಿಆರ್ ಮಾದರಿಯ ಟರೆಟ್ ಮಿಲ್ ಇನ್ನೂ ಉತ್ತಮ ಯಂತ್ರ. ಅದು ಒಂದು ಟನ್ ಆಸುಪಾಸು ತೂಗುತ್ತದೆ, ಎರಡು ಮೀಟರಿಗಿಂತ ಎತ್ತರ. ಶೆಡ್ಡಿನ ಛಾವಣಿ ಅಳೆದ ಮೇಲೆ ಮಾತಾಡಿ.

ಟೇಬಲ್ಲಿನ ಓಟಕ್ಕಿಂತ ಮೊದಲು ನೋಡಬೇಕಾದ್ದು ಸ್ಪಿಂಡಲ್ ಮೂತಿಯಿಂದ ಟೇಬಲ್ಲಿಗೆ ಇರುವ ಎತ್ತರ. ವೈಸ್ 70, ಕೆಲಸ 50, ಡ್ರಿಲ್ ಚಕ್ 120, ಡ್ರಿಲ್ 100, ಅಲ್ಲಿಗೆ 340 ಮಿ.ಮೀ. ಬೇಕಾಯಿತು. 250 ಇರುವ ಯಂತ್ರದಲ್ಲಿ ಪ್ರತಿ ಸಲವೂ ಒದ್ದಾಟ. ಸ್ಪಿಂಡಲ್ ಟೇಪರ್ ಆರ್8 ಇದ್ದರೆ ಟೂಲ್ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಎಂಟಿ3 ಇದ್ದರೆ ಡ್ರಾ ಬಾರನ್ನು ಒಂದೆರಡು ಸುತ್ತು ಸಡಿಲಿಸಿ ತಾಮ್ರದ ಸುತ್ತಿಗೆಯಿಂದ ತಟ್ಟಬೇಕು. ಪೂರ್ತಿ ಬಿಚ್ಚಿ ಹೊಡೆದರೆ ಕೊನೆಯ ಮರೆ ಹಾಳಾಗುತ್ತದೆ. ಯಾವುದೇ ಟೇಪರ್ ಇರಲಿ, ಇಆರ್25 ಅಥವಾ ಇಆರ್32 ಕಾಲೆಟ್ ಸೆಟ್, 100 ಮಿ.ಮೀ. ವೈಸ್, ಕ್ಲ್ಯಾಂಪ್ ಸೆಟ್ ಜೊತೆಯಲ್ಲೇ ಕೊಳ್ಳಿ.

ಯಂತ್ರ ಕೂರಿಸಿದ ದಿನ ಡಯಲ್ ಗೇಜನ್ನು ಸ್ಪಿಂಡಲ್ಲಿಗೆ ಕಟ್ಟಿ, ಟೇಬಲ್ ಮೇಲೆ 150 ಮಿ.ಮೀ. ವೃತ್ತದಲ್ಲಿ ಮುಳ್ಳು ಸುತ್ತಿಸಿ. ಎಡ–ಬಲ, ಹಿಂದೆ–ಮುಂದೆ ನಾಲ್ಕೂ ಕಡೆ 0.03ರೊಳಗೆ ಬರುವವರೆಗೆ ತಲೆ ಅಥವಾ ಕಂಬದ ಬೋಲ್ಟ್ ಸಡಿಲಿಸಿ ಹೊಂದಿಸಿ. ಬಿಗಿದ ಮೇಲೆ ಮತ್ತೆ ಸುತ್ತಿಸಿ ನೋಡಿ, ಬಿಗಿಯುವಾಗಲೇ ಸರಿದಿರುತ್ತದೆ. ಮೊದಲ ಕಟ್ಟಿಗೆ ಮೂರು ಸ್ಲೈಡುಗಳಲ್ಲಿ ಚಲಿಸಬೇಕಾದ ಒಂದನ್ನು ಬಿಟ್ಟು ಉಳಿದೆರಡನ್ನು ಲಾಕ್ ಮಾಡಿ, ಟೇಬಲ್ಲನ್ನು ಕಟ್ಟರ್ ತಿರುಗುವ ದಿಕ್ಕಿಗೆ ಎದುರಾಗಿ ಒಯ್ಯಿರಿ. ಹೊಂದಿಕೊಂಡು ಹೋಗುವ ದಿಕ್ಕಿನಲ್ಲಿ ಒಯ್ದರೆ ಸ್ಕ್ರೂನ ಪ್ಲೇ ಇರುವಷ್ಟೂ ಟೇಬಲ್ಲನ್ನು ಕಟ್ಟರ್ ತಟ್ಟನೆ ಎಳೆದುಕೊಳ್ಳುತ್ತದೆ. 6 ಮಿ.ಮೀ. ಎಂಡ್ ಮಿಲ್ ಮುರಿಯಲು ಅಷ್ಟು ಸಾಕು.